ಮೊದಲ ಓಪೆಲ್ ಕಡೆಟ್ (1936–1940): ಪದೇ ಪದೇ ಕೇಳುವ ಪ್ರಶ್ನೆಗಳು

ಕಡೆಟ್ ಅಂದರೆ ಹಳೆ ಕಾರು ಇಷ್ಟಪಡುವವರಿಗೂ 1960ರ ನಂತರದ ಕಾರುಗಳೇ ನೆನಪಾಗುತ್ತವೆ. ಅದಕ್ಕೂ ಮುಂಚೆ, ಎರಡನೇ ಮಹಾಯುದ್ಧಕ್ಕೆ ಮೊದಲು, ಇದೇ ಹೆಸರಿನ ಇನ್ನೊಂದು ಕಾರು ಇತ್ತು. ನಾಲ್ಕು ವರ್ಷ ತುಂಬುವ ಮೊದಲೇ ಅದು ಜರ್ಮನಿಯಲ್ಲಿ ನಿಂತುಹೋಯಿತು. ಆ ಕಾರಿನ ಬಗ್ಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಆ ಕಾಲದ ಜರ್ಮನಿಯಲ್ಲಿ ಭಾಷಣ ಮತ್ತು ಪೋಸ್ಟರ್‌ಗಳಾಚೆ ನಿಜವಾಗಿ ಜನರ ಕೈಗೆ ಸಿಕ್ಕ ಚಿಕ್ಕ ಕಾರುಗಳಲ್ಲಿ ಇದಕ್ಕೆ ಸಿಗಬೇಕಾದ ಮರ್ಯಾದೆ ಇನ್ನೂ ಸಿಕ್ಕಿಲ್ಲ.

ಈ ಕಾರನ್ನು ಮಾಡಿದ್ದು ಯಾರು, ಎಲ್ಲಿ?

ಓಪೆಲ್ ಕಂಪನಿ. ಊರು ರುಸೆಲ್ಸ್‌ಹೈಮ್, ಫ್ರಾಂಕ್‌ಫರ್ಟ್‌ಗೆ ಹತ್ತಿರ, ಮೈನ್ ನದಿಯ ದಂಡೆಯಲ್ಲಿದೆ. ಆಡಮ್ ಓಪೆಲ್ ಎಂಬಾತ 1862ರಲ್ಲಿ ಹೊಲಿಗೆ ಯಂತ್ರ ಮಾಡೋಕೆ ಶುರು ಮಾಡಿದ. ಆಮೇಲೆ ಸೈಕಲ್ ಬಂತು. 1899ರಲ್ಲಿ, ಆತ ತೀರಿಕೊಂಡ ಮೇಲೆ, ಮಕ್ಕಳು ಕಾರಿಗೆ ಕೈ ಹಾಕಿದರು. 1924ರಲ್ಲಿ ಜರ್ಮನಿಯಲ್ಲೇ ಮೊದಲ ಬಾರಿಗೆ ಅಸೆಂಬ್ಲಿ ಲೈನ್ ಹಾಕಿ ಕಾರು ಕಟ್ಟಿದ್ದೂ ಇವರೇ. 1929ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಶೇಕಡಾ 80 ಪಾಲು ಕೊಂಡಿತು, 1931ಕ್ಕೆ ಪೂರ್ತಿ ಕಂಪನಿ ಅವರದ್ದಾಯಿತು. 1936ರ ಹೊತ್ತಿಗೆ ಓಪೆಲ್ ವರ್ಷಕ್ಕೆ 1,20,000ಕ್ಕೂ ಹೆಚ್ಚು ವಾಹನ ಮಾಡುತ್ತಿತ್ತು. ಯುರೋಪಿನಲ್ಲಿ ಅಷ್ಟು ದೊಡ್ಡ ಕಾರು ಕಂಪನಿ ಆಗ ಇನ್ನೊಂದಿರಲಿಲ್ಲ.

ಅಮೆರಿಕದವರ ಕಂಪನಿ ಅಂದಮೇಲೆ ಇದನ್ನು ಜರ್ಮನ್ ಕಾರು ಅನ್ನಬಹುದಾ?

ಧಾರಾಳವಾಗಿ ಅನ್ನಬಹುದು. ಕಾರಿನ ವಿನ್ಯಾಸ, ಕೆಲಸಗಾರರು, ಉಕ್ಕು ಎಲ್ಲ ಅಲ್ಲಿಯದೇ. ಡೆಟ್ರಾಯಿಟ್‌ನಿಂದ ಬಂದದ್ದು ದುಡ್ಡು ಮತ್ತು ದೊಡ್ಡ ಸಂಖ್ಯೆಯಲ್ಲಿ ಕಾರು ಮಾಡುವ ವಿದ್ಯೆ. ಇನ್ನೊಂದು ವಿಷಯ ನೋಡಿ. ವಿದೇಶಿ ವಿನಿಮಯದ ಕಟ್ಟುನಿಟ್ಟಿನ ನಿಯಮಗಳಿಂದಾಗಿ ಓಪೆಲ್‌ನಲ್ಲಿ ಬಂದ ಲಾಭವನ್ನು ಅಮೆರಿಕಕ್ಕೆ ಒಯ್ಯೋಕೆ ಆಗುತ್ತಿರಲಿಲ್ಲ, ಹಾಗಾಗಿ ಆ ದುಡ್ಡೆಲ್ಲ ಜರ್ಮನಿಯಲ್ಲೇ ಹೊಸ ಕಾರ್ಖಾನೆ, ಹೊಸ ಯಂತ್ರಗಳಿಗೆ ಹೋಯಿತು. 1935ರಲ್ಲಿ ಬ್ರಾಂಡೆನ್‌ಬರ್ಗ್‌ನಲ್ಲಿ ಲಾರಿ ಕಾರ್ಖಾನೆ ಶುರುವಾದದ್ದು ಇದೇ ಕಾಲದಲ್ಲಿ.

ಹೆಸರು ಸೈನ್ಯದ್ದಲ್ವಾ?

ಹೌದು, ಸೈನಿಕ ಶಾಲೆಯ ಕೆಡೆಟ್ ಇದ್ದಾನಲ್ಲ, ಅದೇ ಹೆಸರು. ಆಗ ಓಪೆಲ್ ದೊಡ್ಡ ಕಾರುಗಳಿಗೂ ಇಂಥವೇ ಹೆಸರಿಟ್ಟಿತು. 1937ರಲ್ಲಿ ಅಡ್ಮಿರಲ್, 1938ರಲ್ಲಿ ಕಪಿಟಾನ್. ಸಾಲಿನಲ್ಲಿ ಚಿಕ್ಕವನು ಕಡೆಟ್. ಯುದ್ಧಕ್ಕೂ ಈ ಕಾರಿನ ವಿನ್ಯಾಸಕ್ಕೂ ನಂಟಿಲ್ಲ, ಇದು ಮನೆಮಂದಿಯ ಕಾರು.

ಇದರಲ್ಲಿ ಅಂಥ ವಿಶೇಷ ಏನಿತ್ತು?

ಬಾಡಿ. ಉಳಿದದ್ದೆಲ್ಲ ಆಮೇಲೆ.

ಆ ಕಾಲದ ಹೆಚ್ಚಿನ ಕಾರುಗಳಲ್ಲಿ ಕೆಳಗೆ ಏಣಿಯಂಥ ಭಾರದ ಚಾಸಿ ಇರುತ್ತಿತ್ತು. ಎಂಜಿನ್, ಗೇರ್ ಬಾಕ್ಸ್, ಚಕ್ರ ಎಲ್ಲ ಅದಕ್ಕೇ. ಬಾಡಿಯನ್ನು ಬೇರೆ ಮಾಡಿ ತಂದು ಮೇಲೆ ಕೂರಿಸಿ ಬೋಲ್ಟ್ ಹಾಕುತ್ತಿದ್ದರು. ಎಷ್ಟೋ ಕಾರುಗಳಲ್ಲಿ ಬಾಡಿಯ ಒಳಗೆ ಮರದ ಚೌಕಟ್ಟು ಇರುತ್ತಿತ್ತು, ಅದರ ಮೇಲೆ ತಗಡು ಅಥವಾ ರೆಕ್ಸಿನ್‌ನಂಥ ಬಟ್ಟೆ ಹೊದಿಸುತ್ತಿದ್ದರು. ಓಪೆಲ್ 1935ರಲ್ಲಿ ಒಲಿಂಪಿಯಾ ಎಂಬ ಕಾರಿನಲ್ಲಿ ಈ ಪದ್ಧತಿಯನ್ನೇ ಬಿಟ್ಟಿತು. ಬೇರೆ ಚಾಸಿಯೇ ಇಲ್ಲ. ನೆಲ, ಪಕ್ಕ, ಮೇಲ್ಛಾವಣಿ ಎಲ್ಲ ಉಕ್ಕಿನ ತಗಡಿನಲ್ಲಿ ಒತ್ತಿ, ಒಂದಕ್ಕೊಂದು ವೆಲ್ಡ್ ಮಾಡಿ, ಆ ಪೆಟ್ಟಿಗೆಯೇ ಎಲ್ಲ ಭಾರ ಹೊರುವ ಹಾಗೆ ಮಾಡಿದರು. ದೊಡ್ಡ ಸಂಖ್ಯೆಯಲ್ಲಿ ತಯಾರಾದ ಜರ್ಮನ್ ಕಾರುಗಳಲ್ಲಿ ಹೀಗೆ ಬಂದ ಮೊದಲನೆಯದು ಒಲಿಂಪಿಯಾ. ಯುರೋಪಿನಲ್ಲಿ ಲಾನ್ಸಿಯಾ, ಸಿಟ್ರೊಯೆನ್ ಇದಕ್ಕೂ ಮೊದಲೇ ಈ ದಾರಿ ಹಿಡಿದಿದ್ದವು.

ಕಡೆಟ್ ಮಾಡಿದ್ದು ಇಷ್ಟೇ: ಒಲಿಂಪಿಯಾದ ಆ ವಿದ್ಯೆಯನ್ನು ಇನ್ನೂ ಅಗ್ಗದ, ಇನ್ನೂ ಚಿಕ್ಕ ಕಾರಿಗೆ ಇಳಿಸಿತು. ನನ್ನ ಪ್ರಕಾರ ದೊಡ್ಡ ಹೆಜ್ಜೆ ಇದೇ. ಹೊಸ ತಂತ್ರ ದುಬಾರಿ ಕಾರಿನಲ್ಲಿ ಬರೋದು ಮಾಮೂಲಿ. ಅಗ್ಗದ ಕಾರಿನಲ್ಲಿ ಅದು ಬಂದಾಗಲೇ ಹೆಚ್ಚು ಜನಕ್ಕೆ ಅದರ ಉಪಯೋಗ. ಹೀಗೆ ಮಾಡಿದ್ದರಿಂದ ಕಾರಿನ ತೂಕ ಸುಮಾರು 750 ಕಿಲೋಗೆ ನಿಂತಿತು, ಬಾಡಿ ಗಟ್ಟಿಯಾಯಿತು, ನೆಲ ಕೆಳಗೆ ಬಂದು ಹತ್ತಿ ಇಳಿಯೋದು ಸಲೀಸಾಯಿತು. ಆದರೆ ಇದಕ್ಕೆ ಬೇಕಾದ ದೊಡ್ಡ ಪ್ರೆಸ್‌ಗಳು, ಒತ್ತುವ ಅಚ್ಚುಗಳು ಭಾರಿ ದುಬಾರಿ. ಸಾವಿರಗಟ್ಟಲೆ ಕಾರು ಮಾರುತ್ತೇನೆ ಅನ್ನುವ ಧೈರ್ಯ ಇದ್ದವರಿಗೆ ಮಾತ್ರ ಇದು ಸಾಧ್ಯ. ಈ ಅಚ್ಚುಗಳ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಮಾಸ್ಕೋ ಕತೆಯಲ್ಲಿ ಬೇಕಾಗುತ್ತದೆ.

ನೋಡೋಕೆ ಹೇಗಿತ್ತು?

ಮುದ್ದಾಗಿತ್ತು. ಅಂಚುಗಳೆಲ್ಲ ದುಂಡಗೆ, ಹಿಂಭಾಗ ಇಳಿಜಾರು. ಹೆಡ್‌ಲೈಟ್‌ಗಳು ಹಳೆ ಕಾರುಗಳ ಹಾಗೆ ಕಂಬಿಯ ಮೇಲೆ ಎದ್ದು ನಿಂತಿರದೆ, ಬಾನೆಟ್ಟಿನ ಪಕ್ಕಕ್ಕೆ ಅಂಟಿಕೊಂಡು ಬಾಡಿಯೊಂದಿಗೆ ಬೆರೆತಿದ್ದವು. ಡಿಕ್ಕಿಗೆ ಹೊರಗಿನಿಂದ ಬಾಗಿಲು ಇರಲಿಲ್ಲ. ಸಾಮಾನು ಇಡಬೇಕಿದ್ದರೆ ಒಳಗಿನಿಂದ, ಹಿಂದಿನ ಸೀಟಿನ ಬೆನ್ನು ಸರಿಸಿ ತುರುಕಬೇಕು. ಇವತ್ತಿನವರಿಗೆ ಇದು ವಿಚಿತ್ರ ಅನ್ನಿಸಬಹುದು, ಆದರೆ ಆಗಿನ ಚಿಕ್ಕ ಕಾರುಗಳಲ್ಲಿ ಇದು ಸಾಮಾನ್ಯ.

ಎಂಜಿನ್ ಎಷ್ಟು ಸಿಸಿ? ಎಷ್ಟು ವೇಗ?

1074 ಸಿಸಿ, ನಾಲ್ಕು ಸಿಲಿಂಡರ್, 23 ಅಶ್ವಶಕ್ತಿ. ಸಿಲಿಂಡರಿನ ಅಗಲ 67.5 ಮಿ.ಮೀ., ಪಿಸ್ಟನ್ನಿನ ಓಟ 75 ಮಿ.ಮೀ. ಗರಿಷ್ಠ ವೇಗ ಗಂಟೆಗೆ 100 ಕಿ.ಮೀ.ಗೆ ಸ್ವಲ್ಪ ಕಡಿಮೆ. ಮುಂದಕ್ಕೆ ಮೂರು ಗೇರ್. ವಿದ್ಯುತ್ ವ್ಯವಸ್ಥೆ 6 ವೋಲ್ಟ್.

ಈ ಎಂಜಿನ್ ಹೊಸದೇನಲ್ಲ. ಓಪೆಲ್‌ನ ಇನ್ನೊಂದು ಅಗ್ಗದ ಕಾರು ಪಿ4ರಲ್ಲಿ ಇದ್ದದ್ದೇ ಇಲ್ಲಿಗೂ ಬಂತು. ಸೈಡ್ ವಾಲ್ವ್ ಎಂಜಿನ್, ಅಂದರೆ ವಾಲ್ವ್‌ಗಳು ಮೇಲಿನ ಹೆಡ್‌ನಲ್ಲಿ ಇರದೆ ಸಿಲಿಂಡರಿನ ಪಕ್ಕದಲ್ಲಿ, ಬ್ಲಾಕಿನ ಒಳಗೇ ಇರುತ್ತವೆ. ಇದರಿಂದ ಶಕ್ತಿ ಜಾಸ್ತಿ ಬರಲ್ಲ. ಆದರೆ ಬಿಡಿಭಾಗ ಕಡಿಮೆ, ರಿಪೇರಿ ಸುಲಭ, ಹೆಡ್ ಬಿಚ್ಚಿದರೆ ಎಲ್ಲ ಕಣ್ಣೆದುರಿಗೆ. ಕಂಪ್ರೆಷನ್ ಕಡಿಮೆ ಇದ್ದದ್ದರಿಂದ ಕಳಪೆ ಪೆಟ್ರೋಲ್ ಹಾಕಿದರೂ ನಡೆಯುತ್ತಿತ್ತು. ಹಳೆ ಎಂಜಿನ್ ಹಾಕಿದರಲ್ಲ ಅಂತ ಕೆಲವರು ಮೂಗು ಮುರಿಯುತ್ತಾರೆ. ನಾನು ಒಪ್ಪಲ್ಲ. ದುಡ್ಡನ್ನೆಲ್ಲ ಬಾಡಿಗೆ ಸುರಿದ ಮೇಲೆ ಎಂಜಿನ್ ಆದರೂ ಪಳಗಿದ್ದು ಇರಲಿ ಅಂದುಕೊಂಡದ್ದು ಜಾಣತನ.

ಬ್ರೇಕ್ ವಿಷಯದಲ್ಲಿ ಮಾತ್ರ ಕಂಜೂಸಿತನ ಮಾಡಲಿಲ್ಲ. ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕ್ ಕೊಟ್ಟರು. ಈ ಬೆಲೆಯ ಎಷ್ಟೋ ಕಾರುಗಳು ಆಗ ಇನ್ನೂ ತಂತಿ, ಸರಳು ಎಳೆಯುವ ಬ್ರೇಕಿನಲ್ಲೇ ಓಡುತ್ತಿದ್ದವು.

ಮುಂದಿನ ಚಕ್ರಗಳ ಡುಬೊನೆ ಸಸ್ಪೆನ್ಷನ್ ಬಗ್ಗೆ ಯಾಕಿಷ್ಟು ಜಗಳ?

ಯಾಕೆಂದರೆ ಅದನ್ನು ಚೆನ್ನಾಗಿ ನೋಡಿಕೊಂಡವರಿಗೆ ಒಂದು ಅನುಭವ, ನೋಡಿಕೊಳ್ಳದವರಿಗೆ ಇನ್ನೊಂದು. ಫ್ರಾನ್ಸಿನ ಆಂಡ್ರೆ ಡುಬೊನೆ ಎಂಬಾತನ ಹೆಸರಿನ ವ್ಯವಸ್ಥೆ ಇದು. ಹಕ್ಕನ್ನು ಜನರಲ್ ಮೋಟಾರ್ಸ್ ತೆಗೆದುಕೊಂಡು ಅಮೆರಿಕದ ಷೆವ್ರೊಲೆ, ಇಂಗ್ಲೆಂಡಿನ ವಾಕ್ಸ್‌ಹಾಲ್ ಮತ್ತು ಓಪೆಲ್ ಮೂರರಲ್ಲೂ ಬಳಸಿತು. ಒಂದೊಂದು ಮುಂದಿನ ಚಕ್ರಕ್ಕೂ ಒಂದೊಂದು ಮುಚ್ಚಿದ ಉಕ್ಕಿನ ಡಬ್ಬಿ, ಒಳಗೆ ಸುರುಳಿ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್, ತುಂಬಾ ಎಣ್ಣೆ. ಎರಡೂ ಚಕ್ರ ತಮ್ಮ ಪಾಡಿಗೆ ತಾವು ಮೇಲೆ ಕೆಳಗೆ ಆಡುತ್ತವೆ. ಸರಿಯಾಗಿದ್ದಾಗ ಗುಂಡಿ ಬಿದ್ದ ರಸ್ತೆಯಲ್ಲೂ ಕಾರು ಮೆತ್ತಗೆ ಹೋಗುತ್ತದೆ. ಸೀಲು ಸವೆದು ಎಣ್ಣೆ ಸೋರಿತೋ, ಆ ಮೆದುತನ ಹೋಗಿ ಮುಂಭಾಗ ಕುಣಿಯೋಕೆ ಶುರು. ರಸ್ತೆ ಬದಿಯ ಮೆಕ್ಯಾನಿಕ್ ಕೈಯಲ್ಲಿ ಬಗೆಹರಿಯುವ ಕೆಲಸವೂ ಅಲ್ಲ ಅದು.

ಓಪೆಲ್‌ಗೂ ಇದರ ಖರ್ಚು ಗೊತ್ತಿತ್ತು ಅನ್ನೋಕೆ ಸಾಕ್ಷಿ ಮುಂದಿನ ಉತ್ತರದಲ್ಲಿದೆ.

ಒಟ್ಟು ಎಷ್ಟು ಬಗೆ ಇತ್ತು? ಕೆಜೆ38, ಕೆ38 ಅಂದರೆ ಏನು?

ಮೊದಲ ಮಾದರಿಗೆ ಕಾರ್ಖಾನೆಯ ಸಂಕೇತ 11234. ಇದು 1937ರ ಕೊನೆಯವರೆಗೆ ಬಂತು, 33,402 ಕಾರು. 1938ಕ್ಕೆ ಮುಂದಿನ ಗ್ರಿಲ್ ಬದಲಾಯಿಸಿ, ಸಾಲನ್ನು ಎರಡು ಮಾಡಿದರು. ಕೆಜೆ38 ಅಂದರೆ ಅಗ್ಗದ್ದು, ಕಂಪನಿ ಅದನ್ನು 'ನಾರ್ಮಲ್' ಅಂತ ಕರೆಯಿತು. ಡುಬೊನೆ ತೆಗೆದು, ಮುಂದೆಯೂ ಗಟ್ಟಿ ಆಕ್ಸಲ್ ಮತ್ತು ಕಮಾನು ಪಟ್ಟಿ ಹಾಕಿದ ಕಾರು ಇದು. ಕೆ38 ಅಂದರೆ 'ಸ್ಪೆಷಿಯಲ್', ಡುಬೊನೆ ಇರುವ, ಸ್ವಲ್ಪ ಅಲಂಕಾರ ಇರುವ ಕಾರು.

ಯಾವುದು ಹೆಚ್ಚು ಹೋಯಿತು ಗೊತ್ತಾ? ನಾರ್ಮಲ್ 17,871. ಸ್ಪೆಷಿಯಲ್ 56,335. ಅಗ್ಗದ್ದು ಎದುರಿಗೇ ಇದ್ದರೂ ಜನ ಮೂರು ಪಟ್ಟು ಹೆಚ್ಚು ಸಂಖ್ಯೆಯಲ್ಲಿ ಮೆತ್ತಗೆ ಓಡುವ ಕಾರನ್ನೇ ಕೊಂಡರು. ಡುಬೊನೆ ಬರೀ ತಲೆನೋವು ಅನ್ನುವವರಿಗೆ ನಾನು ಈ ಲೆಕ್ಕವನ್ನೇ ತೋರಿಸೋದು. ಮೂರೂ ಕೂಡಿಸಿದರೆ 1,07,608.

ಬಾಡಿಯಲ್ಲಿ ಎರಡು ಬಾಗಿಲಿನ ಸಲೂನ್ ಮತ್ತು ಕ್ಯಾಬ್ರಿಯೊ-ಲಿಮೊಸಿನ್ ಮೊದಲಿನಿಂದ ಇದ್ದವು. ಕ್ಯಾಬ್ರಿಯೊ-ಲಿಮೊಸಿನ್‌ನಲ್ಲಿ ಪಕ್ಕದ ಚೌಕಟ್ಟು ಹಾಗೇ ಇರುತ್ತದೆ, ಮೇಲಿನ ಬಟ್ಟೆಯ ಛಾವಣಿಯನ್ನು ಮಾತ್ರ ಹಿಂದಕ್ಕೆ ಸುತ್ತಬಹುದು. 1938ರ ಸ್ಪೆಷಿಯಲ್ ಸಾಲಿಗೆ ನಾಲ್ಕು ಬಾಗಿಲಿನ ಸಲೂನೂ ಸೇರಿತು. ಜರ್ಮನಿಯಲ್ಲಿ ಅದರ ಆಯಸ್ಸು ತೀರಾ ಕಮ್ಮಿ. ಆದರೆ ಮುಂದೆ ಚರಿತ್ರೆಯಲ್ಲಿ ಉಳಿದದ್ದು ಅದೇ.

ಬೆಲೆ ಎಷ್ಟಿತ್ತು? ಕೂಲಿಕಾರರು ಕೊಳ್ಳಬಹುದಿತ್ತಾ?

ಬಂದಾಗ 2,100 ರೈಶ್‌ಮಾರ್ಕ್. 1938ರ ನಾರ್ಮಲ್ ಸುಮಾರು 1,800. ಹಳೆ ಪಿ4 ಆಗ 1,450ಕ್ಕೆ ಸಿಗುತ್ತಿತ್ತು, ಅದು 1937ರ ಕೊನೆಗೆ ನಿಂತಿತು.

ಕಾರ್ಖಾನೆಯ ಕೆಲಸಗಾರನಿಗೆ ಆಗ ತಿಂಗಳಿಗೆ ಸುಮಾರು 150 ಮಾರ್ಕ್ ಬರುತ್ತಿತ್ತು. ಒಂದು ವರ್ಷದ ಸಂಬಳವನ್ನು ಒಂದು ಪೈಸೆ ಮುಟ್ಟದೆ ಇಟ್ಟರೂ 2,100ರ ಕಡೆಟ್ ಬರಲ್ಲ, ಅಗ್ಗದ ನಾರ್ಮಲ್‌ಗೆ ಅಷ್ಟಕ್ಕಷ್ಟೇ. ಮೇಲೆ ಪೆಟ್ರೋಲು, ವಿಮೆ, ಟೈರು. ಹಾಗಾಗಿ ಇದು ಕೂಲಿಕಾರರ ಕಾರು ಅಂತ ಹೇಳಿದರೆ ಸುಳ್ಳಾಗುತ್ತದೆ. ಇದನ್ನು ಕೊಳ್ಳುವ ಶಕ್ತಿ ಇದ್ದದ್ದು ಡಾಕ್ಟರು, ಅಂಗಡಿಯವರು, ಅಧಿಕಾರಿಗಳು, ಊರೂರು ಸುತ್ತಿ ಮಾರುವ ಕಂಪನಿ ಪ್ರತಿನಿಧಿಗಳು, ಇಂಥವರಿಗೆ. 1933ರ ಏಪ್ರಿಲ್‌ನಿಂದ ಹೊಸ ಕಾರುಗಳ ಮೇಲಿನ ವಾಹನ ತೆರಿಗೆಯನ್ನು ಹಿಟ್ಲರನ ನಾಜಿ ಸರ್ಕಾರ ತೆಗೆದದ್ದರಿಂದ ಮಧ್ಯಮ ವರ್ಗದವರಿಗೆ ಕಾರಿನ ಆಸೆ ಹುಟ್ಟಿತ್ತು. ಕಾರಿನ ಬಗ್ಗೆ ಮಾತಾಡುವಾಗ ಆ ಸರ್ಕಾರ ಬೇರೆ ಏನೇನು ಮಾಡಿತು ಅನ್ನೋದನ್ನು ಮರೆಯೋಕಾಗಲ್ಲ. ರಸ್ತೆ, ಕಾರು ಎಲ್ಲ ಅದರ ಪ್ರಚಾರದ ಸಾಮಗ್ರಿಯೂ ಆಗಿದ್ದವು.

ಬೀಟಲ್ ಇದಕ್ಕಿಂತ ಅಗ್ಗ ಅಲ್ವಾ? ಅದೇ ಜನರ ಕಾರು ಅಂತಾರಲ್ಲ?

ಕಾಗದದ ಮೇಲೆ ಅಗ್ಗ. ಈಗ ನಾವು ಬೀಟಲ್ ಅನ್ನುವ ಕಾರಿಗೆ ಆಗಿನ ಹೆಸರು ಕೆಡಿಎಫ್ ವಾಗನ್, ಬೆಲೆ 990 ಮಾರ್ಕ್ ಅಂತ ಘೋಷಿಸಿದ್ದರು. 1938ರ ಮೇ 26ರಂದು ಫಾಲರ್ಸ್‌ಲೆಬೆನ್ ಹತ್ತಿರ ಕಾರ್ಖಾನೆಗೆ ಅಡಿಗಲ್ಲು ಹಾಕಿದರು. ಅಂಗಡಿಗೆ ಹೋಗಿ ಕೊಳ್ಳುವ ಹಾಗಿರಲಿಲ್ಲ. ವಾರಕ್ಕೆ 5 ಮಾರ್ಕಿನ ಸ್ಟಾಂಪು ಕೊಂಡು ಒಂದು ಪುಸ್ತಕದಲ್ಲಿ ಅಂಟಿಸುತ್ತಾ ಹೋಗಬೇಕು, ಪುಸ್ತಕ ತುಂಬಿದ ಮೇಲೆ ಕಾರು. ಸುಮಾರು 3,36,000 ಜನ ಹೀಗೆ ದುಡ್ಡು ಕಟ್ಟಿದರು. ಆ ಯೋಜನೆಯಲ್ಲಿ ಒಬ್ಬರಿಗೂ ಕಾರು ಸಿಗಲಿಲ್ಲ. ಯುದ್ಧ ಬಂತು, ಕಾರ್ಖಾನೆ ಸೈನ್ಯದ ಗಾಡಿ ಮಾಡಿತು. ದುಡ್ಡು ಕಟ್ಟಿದವರು ಯುದ್ಧದ ನಂತರ ಕೋರ್ಟ್ ಹತ್ತಿದರು. 1961ರಲ್ಲಿ ಬಗೆಹರಿದಾಗ ಸಿಕ್ಕದ್ದು ಹೊಸ ಕಾರಿನ ಮೇಲೆ 600 ಮಾರ್ಕ್‌ವರೆಗೆ ರಿಯಾಯಿತಿ, ಕಾರು ಬೇಡದವರಿಗೆ 100 ಮಾರ್ಕ್‌ವರೆಗೆ ನಗದು.

ಅದೇ ವರ್ಷಗಳಲ್ಲಿ ಲಕ್ಷಕ್ಕೂ ಹೆಚ್ಚು ಕಡೆಟ್‌ಗಳು ರುಸೆಲ್ಸ್‌ಹೈಮ್‌ನಿಂದ ಹೊರಬಂದವು, ಜನ ಕೀಲಿ ತೆಗೆದುಕೊಂಡು ಓಡಿಸಿಕೊಂಡು ಹೋದರು. ಹಾಗಿದ್ದೂ ಆ ಕಾಲದ ಕಾರುಗಳ ಬಗ್ಗೆ ಯಾರೇ ಬರೆಯಲಿ, ಮೊದಲ ಪುಟದಲ್ಲಿ ಬೀಟಲ್ ಚಿತ್ರವೇ ಇರುತ್ತದೆ. ಬೀಟಲ್ ದೊಡ್ಡ ಕಾರು, ಸಂಶಯವಿಲ್ಲ, ಆದರೆ ಅದರ ದೊಡ್ಡಸ್ತಿಕೆ 1945ರ ನಂತರದ್ದು. ಯುದ್ಧಕ್ಕೆ ಮೊದಲಿನ ಲೆಕ್ಕದಲ್ಲಿ ಆ ಜಾಗ ಕಡೆಟ್‌ನಂಥ, ಡಿಕೆಡಬ್ಲ್ಯುನಂಥ ಕಾರುಗಳಿಗೆ ಸಲ್ಲಬೇಕು.

ಎದುರಾಳಿಗಳು ಯಾರು?

ಡಿಕೆಡಬ್ಲ್ಯು ಮುಖ್ಯ. ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್, ಮುಂದಿನ ಚಕ್ರಕ್ಕೆ ಶಕ್ತಿ, ಮರದ ಬಾಡಿ. ಅಗ್ಗ, ಹಗುರ. ಫೋರ್ಡ್ ಐಫೆಲ್ ಇತ್ತು, 1172 ಸಿಸಿ. ಆಡ್ಲರ್ ಟ್ರಂಪ್ಫ್ ಜೂನಿಯರ್ ಓಡಿಸೋಕೆ ಚೆನ್ನ. ಇವುಗಳಲ್ಲಿ ಪೂರ್ತಿ ಉಕ್ಕಿನ, ಚಾಸಿ ಇಲ್ಲದ ಬಾಡಿ, ಹೈಡ್ರಾಲಿಕ್ ಬ್ರೇಕ್ ಮತ್ತು ಈ ಬೆಲೆ ಮೂರೂ ಒಟ್ಟಿಗೆ ಬೇಕು ಅಂದರೆ ಕಡೆಟ್ ಕಡೆಗೇ ಬರಬೇಕಿತ್ತು. ಒಡಹುಟ್ಟು ಅನ್ನಬಹುದಾದ ಕಾರು ಇಂಗ್ಲೆಂಡಿನಲ್ಲಿತ್ತು: 1937ರ ಕೊನೆಯಲ್ಲಿ ಬಂದ ವಾಕ್ಸ್‌ಹಾಲ್ ಟೆನ್. ಅದೂ ಜನರಲ್ ಮೋಟಾರ್ಸ್‌ನದೇ, ಅದಕ್ಕೂ ಬೇರೆ ಚಾಸಿ ಇಲ್ಲ.

ಇಷ್ಟು ಚೆನ್ನಾಗಿ ಹೋಗುತ್ತಿದ್ದ ಕಾರು ಯಾಕೆ ನಿಂತಿತು?

ಯುದ್ಧದಿಂದ. ಕಾರಿನಲ್ಲಿ ದೋಷ ಇದ್ದು ನಿಂತದ್ದಲ್ಲ, ಗಿರಾಕಿ ಇಲ್ಲದೆ ನಿಂತದ್ದೂ ಅಲ್ಲ. ಯುದ್ಧ ಶುರುವಾಗುವ ಮೊದಲೇ ಬಿಗಿ ಹಿಡಿತ ಬಂದಿತ್ತು. 1938ರ ಕೊನೆಯಲ್ಲಿ ಕರ್ನಲ್ ಶೆಲ್ ಎಂಬ ಸೇನಾಧಿಕಾರಿಯ ಕೈಗೆ ಇಡೀ ವಾಹನ ಉದ್ಯಮವನ್ನು ಕೊಟ್ಟು, ಕಾರಿನ ಬಗೆಗಳನ್ನು 52ರಿಂದ 30ಕ್ಕೆ, ಲಾರಿಯ ಬಗೆಗಳನ್ನು 114ರಿಂದ 19ಕ್ಕೆ ಇಳಿಸುವ ಯೋಜನೆ ಹಾಕಿದ್ದರು. 1939ರ ಸೆಪ್ಟೆಂಬರ್‌ನಲ್ಲಿ ಯುದ್ಧ ಬಂದ ಕೂಡಲೇ ಖಾಸಗಿ ಕಾರು ಓಡಿಸೋಕೆ ಅನುಮತಿ ಬೇಕಾಯಿತು. ಅನುಮತಿ ಸಿಕ್ಕ ಕಾರಿನ ನಂಬರ್ ಪ್ಲೇಟಿನ ಮೇಲೆ ಕೆಂಪು ಗುರುತು. ಉಳಿದ ಎಷ್ಟೋ ಕಾರುಗಳನ್ನು ಸೈನ್ಯ ಎತ್ತಿಕೊಂಡು ಹೋಯಿತು. ಪೆಟ್ರೋಲಿಗೆ ರೇಷನ್. ಹೀಗಿರುವಾಗ ಮನೆಮಂದಿಯ ಕಾರನ್ನು ಯಾರಿಗೆ ಮಾಡೋದು? 1940ರ ಮೇನಲ್ಲಿ ಕಡೆಟ್ ನಿಂತಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಓಪೆಲ್‌ನ ಹತ್ತು ಲಕ್ಷದ ವಾಹನ ಹೊರಬಂತು. ಅದು ಕಪಿಟಾನ್. ಆಮೇಲೆ ಅದೂ ಇಲ್ಲ.

ಯುದ್ಧದ ಕಾಲದಲ್ಲಿ ಆ ಕಾರ್ಖಾನೆ ಏನು ಮಾಡಿತು?

ರುಸೆಲ್ಸ್‌ಹೈಮ್‌ನಲ್ಲಿ ಯೂಂಕರ್ಸ್ ಜೆಯು 88 ಬಾಂಬರ್ ವಿಮಾನದ ಭಾಗಗಳು, ಬ್ರಾಂಡೆನ್‌ಬರ್ಗ್‌ನಲ್ಲಿ ಸೈನ್ಯಕ್ಕೆ ಬ್ಲಿಟ್ಸ್ ಲಾರಿಗಳು. ಕೆಲಸಕ್ಕೆ ಯುದ್ಧಕೈದಿಗಳನ್ನೂ, ಆಕ್ರಮಿತ ದೇಶಗಳಿಂದ ಬಲವಂತವಾಗಿ ತಂದ ಜನರನ್ನೂ ಹಚ್ಚಿದ್ದರು. ಕಡೆಟ್ ಹುಟ್ಟಿದ ಅದೇ ಶೆಡ್‌ಗಳಲ್ಲಿ ಇದೂ ನಡೆಯಿತು. ಆ ಕಾರನ್ನು ಪ್ರೀತಿಸುವ ನಾವು ಇದನ್ನು ಬಿಟ್ಟು ಕತೆ ಹೇಳಬಾರದು. 1944ರ ಬೇಸಿಗೆಯ ಬಾಂಬ್ ದಾಳಿಗಳಲ್ಲಿ ಕಾರ್ಖಾನೆಯ ದೊಡ್ಡ ಭಾಗ ಹಾಳಾಯಿತು.

ಇದು ರಷ್ಯಾಕ್ಕೆ ಹೋಯಿತು ಅಂತಾರೆ, ನಿಜವಾ?

ನಿಜ, ಮತ್ತು ಈ ಕಾರಿನ ಕತೆಯಲ್ಲಿ ನನಗೆ ಬಹಳ ಇಷ್ಟದ ಭಾಗ ಇದೇ.

ಮಾಸ್ಕೋದಲ್ಲಿ ಯುದ್ಧಕ್ಕೆ ಮೊದಲೇ ಒಂದು ಚಿಕ್ಕ ಕಾರಿನ ಕಾರ್ಖಾನೆ ಇತ್ತು. 1940ರಲ್ಲಿ ಅಲ್ಲಿ ಕಿಮ್-10 ಎಂಬ ಎರಡು ಬಾಗಿಲಿನ ಕಾರು ಶುರು ಮಾಡಿದ್ದರು, ಯುದ್ಧ ಬಂದು ಅದು ನಿಂತುಹೋಯಿತು. 1945ರಲ್ಲಿ ಯುದ್ಧ ಮುಗಿದಾಗ ಮತ್ತೆ ಚಿಕ್ಕ ಕಾರಿನ ಮಾತು ಬಂತು. ಆ ವರ್ಷ ಜೂನ್‌ನಲ್ಲಿ ಕ್ರೆಮ್ಲಿನ್‌ನಲ್ಲಿ ಸ್ಟಾಲಿನ್ ಎದುರು ಹೊಸ ಕಾರುಗಳನ್ನು ತೋರಿಸಿದರು. ಕಡೆಟ್‌ನ ನಾಲ್ಕು ಬಾಗಿಲಿನ ಮಾದರಿಯನ್ನೇ ಮಾಡಿ ಅಂತ ತೀರ್ಮಾನವಾಯಿತು, ಆಗಸ್ಟ್‌ನಲ್ಲಿ ಸರ್ಕಾರಿ ಆದೇಶ ಬಂತು. ಜರ್ಮನಿ ಕೊಡಬೇಕಿದ್ದ ಯುದ್ಧ ಪರಿಹಾರದ ಲೆಕ್ಕದಲ್ಲಿ ಈ ಕಾರನ್ನು ಸೇರಿಸಿಕೊಂಡರು. 1946ರ ಡಿಸೆಂಬರ್‌ನಲ್ಲಿ ಮೊದಲ ಕಾರುಗಳು ಮಾಸ್ಕೋದಲ್ಲಿ ಸಿದ್ಧವಾದವು. ಹೆಸರು ಮಾಸ್ಕ್‌ವಿಚ್ 400.

ಕಡೆಟ್‌ನ ಪೂರ್ತಿ ಯಂತ್ರಗಳನ್ನೇ ರೈಲಿನಲ್ಲಿ ತುಂಬಿಕೊಂಡು ಹೋದರು ಅನ್ನೋದು ನಿಜವಾ?

ಇದರ ಬಗ್ಗೆ ಎರಡು ಥರ ಹೇಳುತ್ತಾರೆ. ಪಶ್ಚಿಮದ ದೇಶಗಳಲ್ಲಿ ಬಹಳ ಕಾಲದಿಂದ ಬಂದ ಮಾತು: ರುಸೆಲ್ಸ್‌ಹೈಮ್‌ನ ಕಡೆಟ್ ಸಾಲನ್ನು ಬಿಚ್ಚಿ, ಅಚ್ಚುಗಳ ಸಮೇತ ಮಾಸ್ಕೋಗೆ ಸಾಗಿಸಿದರು. ರಷ್ಯಾದಲ್ಲಿ ಈ ವಿಷಯ ಕೆದಕಿದವರು ಹೇಳುವುದು ಬೇರೆ: ಯಂತ್ರಗಳು ಬಂದವು, ಆದರೆ ಬಾಡಿ ಒತ್ತುವ ಅಚ್ಚುಗಳು, ನಕ್ಷೆಗಳು ಪೂರ್ತಿ ಸಿಗಲಿಲ್ಲ. ಹಾಗಾಗಿ ಸೋವಿಯತ್ ಹಿಡಿತದಲ್ಲಿದ್ದ ಜರ್ಮನಿಯ ಭಾಗದಲ್ಲಿ ಜರ್ಮನ್ ಎಂಜಿನಿಯರುಗಳನ್ನೇ ಕೂರಿಸಿ, ಇದ್ದ ಕಾರುಗಳನ್ನು ಬಿಚ್ಚಿ ಅಳೆದು ನಕ್ಷೆಗಳನ್ನು ಮತ್ತೆ ಬರೆಸಿದರು.

ನನಗೆ ಎರಡನೆಯದು ಹೆಚ್ಚು ಸರಿ ಅನ್ನಿಸುತ್ತದೆ. ಆಯ್ಕೆಯಾದ ನಾಲ್ಕು ಬಾಗಿಲಿನ ಬಾಡಿ ಜರ್ಮನಿಯಲ್ಲೇ ಸ್ವಲ್ಪ ಕಾಲ ಬಂದದ್ದು. ಕಾರ್ಖಾನೆ ಬಾಂಬಿಗೆ ಸಿಕ್ಕಿತ್ತು. ಮೇಲಾಗಿ ರುಸೆಲ್ಸ್‌ಹೈಮ್ ಇದ್ದದ್ದು ಅಮೆರಿಕನ್ನರ ವಲಯದಲ್ಲಿ, ಸೋವಿಯತ್ ಸೈನ್ಯಕ್ಕೆ ಸುಮ್ನೆ ಹೋಗಿ ಬಿಚ್ಚಿಕೊಳ್ಳುವ ಹಾಗಿರಲಿಲ್ಲ. ಕಾರಿನ ವಿಷಯದಲ್ಲಂತೂ ಅನುಮಾನ ಇಲ್ಲ. ಅದೇ 1074 ಸಿಸಿ ಎಂಜಿನ್, ಅದೇ 67.5 ಮತ್ತು 75 ಮಿ.ಮೀ. ಅಳತೆ, ಅದೇ ಡುಬೊನೆ, ಅದೇ ಮೂರು ಗೇರ್, ಡಿಕ್ಕಿಗೆ ಹೊರಗಿನ ಬಾಗಿಲು ಅಲ್ಲೂ ಇಲ್ಲ.

ಹಾಗಾದರೆ ಮಾಸ್ಕ್‌ವಿಚ್ ಬರೀ ನಕಲಾ?

ಹುಟ್ಟುವಾಗ ನಕಲೇ. ಬೆಳೆದದ್ದು ಮಾತ್ರ ತನ್ನ ದಾರಿಯಲ್ಲಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ನಮ್ಮಲ್ಲಿ ಅಂಬಾಸಡರ್ ಆಗಿ 2014ರವರೆಗೆ ಬಾಳಿತಲ್ಲ, ಅದನ್ನು ನೋಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ವ್ಯತ್ಯಾಸ ಇಷ್ಟೇ, ಇಲ್ಲಿಯವರು ದುಡ್ಡು ಕೊಟ್ಟು ತಂದರು, ಅಲ್ಲಿಯವರು ಯುದ್ಧ ಪರಿಹಾರವಾಗಿ ಪಡೆದರು. ಸೋವಿಯತ್ ದೇಶದಲ್ಲಿ ಸಾಮಾನ್ಯ ನಾಗರಿಕರಿಗೆ ಕೊಳ್ಳೋಕೆ ಸಿಕ್ಕ ಮೊದಮೊದಲ ಕಾರುಗಳಲ್ಲಿ ಇದೊಂದು. ಕಳಪೆ ಪೆಟ್ರೋಲು, ಕೆಸರಿನ ರಸ್ತೆ, ಬಿಡಿಭಾಗದ ಬರ, ಎಲ್ಲದಕ್ಕೂ ಆ ಹಳೆ ಸೈಡ್ ವಾಲ್ವ್ ಎಂಜಿನ್ ಹೇಳಿ ಮಾಡಿಸಿದ ಹಾಗಿತ್ತು. ಉಕ್ಕಿನ ತಗಡಿನ ಕೊರತೆ ಎಷ್ಟಿತ್ತೆಂದರೆ ಸಾಮಾನು ಸಾಗಿಸುವ ವ್ಯಾನ್ ಮಾದರಿಯ ಹಿಂಭಾಗವನ್ನು ಮರದಲ್ಲಿ ಕಟ್ಟಿದರು. ಛಾವಣಿ ಸುತ್ತುವ ಕ್ಯಾಬ್ರಿಯೊ ಮಾದರಿಯೂ ಬಂತು, ಅದಕ್ಕೂ ತಗಡು ಕಡಿಮೆ ಸಾಕಿತ್ತು. 1954ರಲ್ಲಿ ಎಂಜಿನ್ 26 ಅಶ್ವಶಕ್ತಿಗೆ ಏರಿತು, ಹೆಸರು 401 ಆಯಿತು. 1956ರಲ್ಲಿ ಹೊಸ 402 ಬರುವವರೆಗೆ ಎಲ್ಲ ಬಗೆ ಸೇರಿ 2,40,000ಕ್ಕೂ ಹೆಚ್ಚು ಕಾರು. ಜರ್ಮನಿಯಲ್ಲಿ ಆದದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ! ಫಿನ್ಲೆಂಡ್, ಬೆಲ್ಜಿಯಂ ಕಡೆಗೂ ಮಾರಾಟಕ್ಕೆ ಹೋದವು.

ಕಡೆಟ್ ಅಲ್ಪಾಯುಷಿ ಅನ್ನುವ ಮಾತನ್ನು ನಾನು ಅರ್ಧ ಮಾತ್ರ ಒಪ್ಪೋದು ಇದಕ್ಕೇ. ಆ ಹೆಸರಿಗೆ ಆಯಸ್ಸು ಕಡಿಮೆ ಇತ್ತು. ಕಾರು ಎರಡು ದಶಕ ಬಾಳಿತು.

ಯುದ್ಧದ ನಂತರ ಓಪೆಲ್ ಮತ್ತೆ ಯಾಕೆ ಮಾಡಲಿಲ್ಲ?

ಮಾಡೋಕೆ ಕೈಯಲ್ಲಿ ಏನೂ ಉಳಿದಿರಲಿಲ್ಲ. 1946ರಲ್ಲಿ ಬ್ಲಿಟ್ಸ್ ಲಾರಿ ಶುರು ಮಾಡಿದರು, 1947ರ ಡಿಸೆಂಬರ್‌ನಲ್ಲಿ ಒಲಿಂಪಿಯಾ, 1948ರಲ್ಲಿ ಕಪಿಟಾನ್. ಜನರಲ್ ಮೋಟಾರ್ಸ್ ಮತ್ತೆ ಆಡಳಿತ ವಹಿಸಿಕೊಂಡದ್ದು 1948ರ ನವೆಂಬರ್‌ನಲ್ಲಿ. ಅಷ್ಟು ಹೊತ್ತಿಗೆ ಚಿಕ್ಕ ಕಾರಿನ ಪೇಟೆಯಲ್ಲಿ ಬೀಟಲ್ ಕೂತುಬಿಟ್ಟಿತ್ತು. ಓಪೆಲ್ ಅಲ್ಲಿ ಮತ್ತೆ ಕೈ ಹಾಕಿದ್ದು 1962ರಲ್ಲಿ, ಕಲ್ಲಿದ್ದಲು ಗಣಿಯ ಹಳೆ ಜಾಗದಲ್ಲಿ ಬೋಖುಮ್ ಊರಲ್ಲಿ ಕಟ್ಟಿದ ಹೊಸ ಕಾರ್ಖಾನೆಯಲ್ಲಿ. ಕಾರು ಪೂರ್ತಿ ಹೊಸದು, 993 ಸಿಸಿ. ಹೆಸರು ಮಾತ್ರ ಹಳೆಯದು, ಕಡೆಟ್. ಆ ಹೆಸರು 1991ರವರೆಗೆ ನಡೆಯಿತು, ಆಮೇಲೆ ಅಸ್ಟ್ರಾ.

ಭಾರತಕ್ಕೆ ಏನಾದರೂ ನಂಟಿದೆಯಾ?

1936ರ ಕಾರಿಗೆ ನೇರ ನಂಟಿಲ್ಲ. ಅದರ ಹೆಸರು ಹೊತ್ತ ವಂಶಕ್ಕೆ ಇದೆ. 1984ರ ಕಡೆಟ್ ಇ ಮಾದರಿಯನ್ನು ಕೊರಿಯಾದ ದೇವೂ ಕಂಪನಿ ತೆಗೆದುಕೊಂಡು ಲೆಮನ್ಸ್ ಎಂಬ ಕಾರು ಮಾಡಿತು, ಅದನ್ನೇ ತಿದ್ದಿ ಸಿಯೆಲೊ ಮಾಡಿತು. 1995ರಲ್ಲಿ ನಮ್ಮ ರಸ್ತೆಗಿಳಿದ ಸಿಯೆಲೊ ಅದೇ. ಮರುವರ್ಷ ಗುಜರಾತಿನ ಹಲೋಲ್‌ನಲ್ಲಿ ಓಪೆಲ್ ಅಸ್ಟ್ರಾ ಶುರುವಾಯಿತು, ಅದು ಕಡೆಟ್‌ನ ಜಾಗಕ್ಕೆ ಬಂದ ಕಾರು. ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಸಿಯೆಲೊ ಓಡಿಸಿದವರು ಗೊತ್ತಿಲ್ಲದೆಯೇ ಕಡೆಟ್ ಕುಟುಂಬದ ಕಾರು ಓಡಿಸಿದ್ದಾರೆ.

ಯುರೋಪಿಗೆ ಹೋದಾಗ ಒಂದು ಕಣ್ಣಿಗೆ ಬಿದ್ದರೆ ಕಡೆಟ್ಟೋ ಮಾಸ್ಕ್‌ವಿಚ್ಚೋ ಹೇಗೆ ಗುರುತಿಸೋದು?

ಮೊದಲು ಬಾಗಿಲು ಎಣಿಸಿ. ಎರಡು ಬಾಗಿಲಿನ ಸಲೂನ್ ಆದರೆ ಜರ್ಮನಿಯದೇ. ನಾಲ್ಕಿದ್ದರೆ ಮಾಸ್ಕ್‌ವಿಚ್ ಇರುವ ಸಾಧ್ಯತೆ ಜಾಸ್ತಿ, ಆಗ ಡ್ಯಾಶ್‌ಬೋರ್ಡ್ ಮತ್ತು ಮುಂದಿನ ಬಿಲ್ಲೆಯ ಮೇಲಿನ ಅಕ್ಷರ ನೋಡಿ. ರಷ್ಯನ್ ಲಿಪಿ ಇದ್ದರೆ ಮುಗಿಯಿತು. ಆದರೆ ಮಾಸ್ಕ್‌ವಿಚ್‌ಗೆ ಓಪೆಲ್ ಬಿಲ್ಲೆ ಹಾಕೋದು ಕಷ್ಟದ ಕೆಲಸ ಅಲ್ಲ, ಕಡೆಟ್‌ಗೆ ಮಾಸ್ಕೋದ ಬಿಡಿಭಾಗ ಹಾಕಿ ಉಳಿಸಿಕೊಂಡವರೂ ಇದ್ದಾರೆ. ಅದರಲ್ಲಿ ತಪ್ಪೇನೂ ಇಲ್ಲ, ಕಾರು ಓಡುತ್ತಿದೆಯಲ್ಲ, ಅದು ಮುಖ್ಯ. ಕೊಳ್ಳುವವರು ಮಾತ್ರ ಬಾಡಿ ಸಂಕೇತ, ಎಂಜಿನ್ ನಂಬರ್, ಕಾಗದಪತ್ರ ಮೂರೂ ತಾಳೆ ನೋಡಬೇಕು.

ಕೊಳ್ಳುವಾಗ ಮೊದಲು ಏನು ನೋಡಬೇಕು?

ನೆಲದ ತಗಡು ಮತ್ತು ಬಾಗಿಲ ಕೆಳಗಿನ ಪಟ್ಟಿ. ಚಾಸಿ ಇರುವ ಕಾರಿಗೆ ಬಾಡಿ ತುಕ್ಕು ಹಿಡಿದರೂ ಕೆಳಗೆ ಗಟ್ಟಿ ಉಕ್ಕು ಉಳಿದಿರುತ್ತದೆ. ಇಲ್ಲಿ ತಗಡೇ ಎಲುಬು. ಅದು ಕೊಳೆತಿದ್ದರೆ ಮೇಲೆ ಎಷ್ಟೇ ಹೊಳೆಯುವ ಪೇಂಟ್ ಇದ್ದರೂ ಕಾರಿಗೆ ಬಲ ಇರಲ್ಲ. ಕಾರನ್ನು ಜ್ಯಾಕ್ ಮೇಲೆ ಎತ್ತಿಸಿ, ಎತ್ತಿದ ಮೇಲೂ ಬಾಗಿಲು ಸಲೀಸಾಗಿ ಮುಚ್ಚುತ್ತದಾ ನೋಡಿ. ಮುಚ್ಚದಿದ್ದರೆ ಬಾಡಿ ಬಾಗಿದೆ ಅಂತ ಅರ್ಥ. ಎರಡನೆಯದು ಡುಬೊನೆ ಡಬ್ಬಿಗಳು: ಕೆಳಗೆ ಎಣ್ಣೆ ಸೋರಿದ ಗುರುತಿದೆಯಾ, ಎರಡೂ ಕಡೆ ಕಾರು ಒಂದೇ ಎತ್ತರಕ್ಕೆ ನಿಂತಿದೆಯಾ ಅಂತ. ಎಂಜಿನ್ ಕೊನೆಗೆ ನೋಡಿದರೂ ನಡೆಯುತ್ತದೆ. ಅಷ್ಟೊಂದು ಮಾಸ್ಕ್‌ವಿಚ್‌ಗಳು ಆದದ್ದರಿಂದ ಅದರ ಭಾಗಗಳು ಪೂರ್ವ ಯುರೋಪಿನಲ್ಲಿ ಈಗಲೂ ಹುಡುಕಿದರೆ ಸಿಗುತ್ತವೆ, ರುಸೆಲ್ಸ್‌ಹೈಮ್‌ನ ಬ್ಲಾಕಿಗೂ ಅವು ಹೊಂದುತ್ತವೆ.